ಮನೆಗೊಂದು ಪುಟ್ಟ ಕ್ಯಾಮರಾ

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ವೈಕುಂಠ ಸಮಾರಾಧನೆಯ ದಿನ ಹಾರ ಹಾಕಿ ಇಡುವುದಕ್ಕೆ ಒಂದು ಭಾವಚಿತ್ರ ಬೇಕಾಗುತ್ತದೆ. ಮನೆಮಂದಿಯೆಲ್ಲ ಕೂಡಿ ಹುಡುಕತೊಡಗುತ್ತಾರೆ. ಫೋನುಗಳಲ್ಲಿ ಚಿತ್ರಗಳು ಸಾವಿರಗಟ್ಟಲೆ ಇವೆ. ಆದರೆ ಒಂದರಲ್ಲಿ ಅಜ್ಜಿಯ ಮುಖ ಕಲಸಿಹೋಗಿದೆ. ಇನ್ನೊಂದರಲ್ಲಿ ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದರಿಂದ ಮುಖವೆಲ್ಲ ಕಪ್ಪು. ಮತ್ತೊಂದರಲ್ಲಿ ಅರ್ಧ ಅಜ್ಜಿ, ಅರ್ಧ ಕಂಬ. ಕೊನೆಗೆ ಗುರುತಿನ ಚೀಟಿಯ ಚಿತ್ರವನ್ನೇ ಹಿಗ್ಗಿಸಿ, ಕಟ್ಟುಹಾಕಿಸಿ, ಗೋಡೆಗೆ ತೂಗುಹಾಕುತ್ತಾರೆ. ಬಾಳೆಲ್ಲ ನಗುನಗುತ್ತಾ ಇದ್ದ ಜೀವ ಇನ್ನು ಮೇಲೆ ಆ ಗೋಡೆಯಿಂದ ಗದರಿಸುವಂತೆ ನೋಡುತ್ತಿರುತ್ತದೆ.

ಚಿತ್ರ ತೆಗೆಯುವ ಸಾಧನವಿಲ್ಲದೆ ಹೀಗಾಯಿತೆಂದು ಹೇಳುವಂತಿಲ್ಲ. ಸಾಧನಗಳಿಗೆ ಬರಗಾಲವಿಲ್ಲದ ಕಾಲ ಇದು. ಕೊರತೆ ಇರುವುದು ಅವುಗಳನ್ನು ಆರಿಸುವ ತಿಳಿವಳಿಕೆಯಲ್ಲಿ. ಅಂಗಡಿಗೆ ಹೋದರೆ ಅಂಕಿಗಳ ಮಳೆ ಸುರಿಯುತ್ತದೆ: ಇಷ್ಟು ಮೆಗಾಪಿಕ್ಸೆಲ್, ಇಷ್ಟು ಪಟ್ಟು ಝೂಮ್. ಯಾವ ಅಂಕಿಗೆ ಬೆಲೆ ಕೊಡಬೇಕು, ಯಾವುದನ್ನು ಕೇಳಿಯೂ ಕೇಳದಂತೆ ಇರಬೇಕು ಎಂಬುದನ್ನು ಸಾಮಾನ್ಯ ಗೃಹಸ್ಥರಿಗೆ ತಿಳಿಯುವಂತೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಚಾರ. ಲ್ಯಾಟಿನ್ ಭಾಷೆಯ ‘ಕ್ಯಾಮರಾ’ ಶಬ್ದಕ್ಕೆ ಕೋಣೆಯೆಂದು ಅರ್ಥ. ಕತ್ತಲೆಯ ಕೋಣೆಯ ಗೋಡೆಯಲ್ಲಿ ಒಂದು ಸಣ್ಣ ರಂಧ್ರವಿದ್ದರೆ ಹೊರಗಿನ ದೃಶ್ಯ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುವುದುಂಟು. ಆ ಕೋಣೆಯೇ ಚಿಕ್ಕದಾಗುತ್ತಾ ಬಂದು ಅಂಗೈಯೊಳಗೆ ಸೇರಿದೆ. ‘ಸ್ನ್ಯಾಪ್‌ಷಾಟ್’ ಎಂಬುದು ಬೇಟೆಗಾರರ ಮಾತು. ಗುರಿಯಿಟ್ಟು ಕಾಯದೆ ಥಟ್ಟನೆ ಹೊಡೆಯುವ ಗುಂಡಿಗೆ ಆ ಹೆಸರು. ಅದನ್ನು ಛಾಯಾಚಿತ್ರಕ್ಕೆ ೧೮೬೦ರಲ್ಲಿ ಅನ್ವಯಿಸಿದವರು ಖಗೋಳ ವಿಜ್ಞಾನಿ ಜಾನ್ ಹರ್ಷೆಲ್. ಈ ಎರಡು ಶಬ್ದಗಳಲ್ಲಿಯೇ ನಮ್ಮ ವಿಷಯದ ಸಾರವೆಲ್ಲ ಅಡಗಿದೆ. ಕೋಣೆಯೊಳಕ್ಕೆ ಸಾಕಷ್ಟು ಬೆಳಕು ಬರಬೇಕು; ಬರಬೇಕಾದ ಕ್ಷಣದಲ್ಲಿಯೇ ಥಟ್ಟನೆ ಬರಬೇಕು. ಉಳಿದದ್ದೆಲ್ಲ ಅಲಂಕಾರ.

ಬಡವರೂ ಮಕ್ಕಳೂ ಚಿತ್ರ ತೆಗೆಯಬಹುದೆಂದು ತೋರಿಸಿಕೊಟ್ಟದ್ದು ೧೯೦೦ರಲ್ಲಿ ಅಮೆರಿಕದ ಈಸ್ಟ್‌ಮನ್ ಕೊಡಾಕ್ ಸಂಸ್ಥೆ ಹೊರತಂದ ‘ಬ್ರೌನಿ’ ಎಂಬ ರಟ್ಟಿನ ಪೆಟ್ಟಿಗೆ. ಅದರ ಬೆಲೆ ಒಂದೇ ಡಾಲರು. ನಮ್ಮ ದೇಶದಲ್ಲಿ ಅದೇ ಬಗೆಯ ಸರಳ ಕ್ಯಾಮರಾ ಎಂದರೆ ಬರೋಡದಲ್ಲಿ ತಯಾರಾಗುತ್ತಿದ್ದ ‘ಆಗ್ಫಾ ಕ್ಲಿಕ್ ೩’. ಒಂದು ಸುರುಳಿ ಫಿಲ್ಮಿಗೆ ಹನ್ನೆರಡೇ ಚೌಕ ಚಿತ್ರಗಳು. ಅದರಲ್ಲಿ ತಿರುಗಿಸಿ ಹೊಂದಿಸಬೇಕಾದದ್ದು ಬಹಳ ಕಡಮೆ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಆದುದರಿಂದಲೇ ಹಳೆಯ ಆಲ್ಬಮ್ಮುಗಳನ್ನು ತೆರೆದರೆ ಮನೆಯವರೆಲ್ಲ ಅಂಗಳದಲ್ಲಿ, ಜಗಲಿಯ ಮುಂದೆ, ಸೂರ್ಯನಿಗೆ ಮುಖಮಾಡಿ, ಕಣ್ಣು ಕಿರಿದುಮಾಡಿಕೊಂಡು ನಿಂತಿರುತ್ತಾರೆ. ಆ ಪೆಟ್ಟಿಗೆಗೆ ಹೊರಗಿನ ಬಿಸಿಲು ಬೇಕಾಗಿತ್ತು. ಅಡಿಗೆಮನೆಯೊಳಗಿನ ಅಮ್ಮ ಅದಕ್ಕೆ ಕಾಣುತ್ತಿರಲಿಲ್ಲ.

ಆದರೆ ಸಂಸಾರದ ಬಹುಪಾಲು ನಡೆಯುವುದು ಮನೆಯೊಳಗೆ. ನಾಮಕರಣ ನಡುಮನೆಯಲ್ಲಿ, ಆರತಿ ದೇವರ ಕೋಣೆಯಲ್ಲಿ, ಮಗು ಮೊದಲ ಬಾರಿ ದಾಟುವುದು ಮನೆಯ ಹೊಸ್ತಿಲನ್ನು. ನಮ್ಮ ಕಣ್ಣಿಗೆ ನಡುಮನೆಯ ಟ್ಯೂಬ್‌ಲೈಟು ಧಾರಾಳವಾಗಿ ಕಂಡರೂ, ಅಲ್ಲಿರುವ ಬೆಳಕು ಅಂಗಳದ ಬಿಸಿಲಿನ ನೂರರಲ್ಲೊಂದು ಪಾಲಿಗಿಂತಲೂ ಕಡಮೆ. ಕಣ್ಣು ತಾನಾಗಿಯೇ ಹೊಂದಿಕೊಳ್ಳುವುದರಿಂದ ನಮಗೆ ವ್ಯತ್ಯಾಸ ತಿಳಿಯುವುದಿಲ್ಲ. ಕ್ಯಾಮರಾಕ್ಕೆ ಅದು ತಿಳಿಯುತ್ತದೆ. ಆದುದರಿಂದ ಮನೆಗೆ ಕ್ಯಾಮರಾ ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ, “ಇದು ಮಂದ ಬೆಳಕಿನಲ್ಲಿ ಏನು ಮಾಡೀತು?” ಎಂಬುದು.

ಇದಕ್ಕೆ ಉತ್ತರ ಎರಡು ಅಂಕಿಗಳಲ್ಲಿದೆ. ಮೊದಲನೆಯದು ಬೆಳಕನ್ನು ಹಿಡಿಯುವ ಫಲಕದ ವಿಸ್ತಾರ. ಹಿಂದೆ ಫಿಲ್ಮು ಇದ್ದ ಜಾಗದಲ್ಲಿ ಈಗಿರುವ ಈ ಫಲಕಕ್ಕೆ ಸೆನ್ಸರ್ ಎನ್ನುತ್ತಾರೆ. ಮಳೆ ಬರುವಾಗ ಅಂಗಳದಲ್ಲಿ ಒಂದು ಲೋಟವನ್ನೂ ಒಂದು ಹರಿವಾಣವನ್ನೂ ಇಟ್ಟು ನೋಡಿ. ಮಳೆ ಒಂದೇ, ಹೊತ್ತೂ ಒಂದೇ; ಆದರೂ ಹರಿವಾಣದಲ್ಲಿ ಕೂಡುವ ನೀರೇ ಹೆಚ್ಚು. ಬೆಳಕೂ ಹಾಗೆಯೇ. ಅಗ್ಗದ ಪುಟ್ಟ ಕ್ಯಾಮರಾಗಳಲ್ಲಿ ಸಾಮಾನ್ಯವಾಗಿ ಇರುವುದು ‘ಒಂದು ಬಟ್ಟೆ ಎರಡು ಪಾಯಿಂಟ್ ಮೂರು ಇಂಚು’ ಎಂದು ನಮೂದಿಸುವ ಸೆನ್ಸರ್. ಅದರ ನಿಜವಾದ ವಿಸ್ತಾರ ಸುಮಾರು ೨೮ ಚದರ ಮಿಲಿಮೀಟರು. ‘ಒಂದಿಂಚು’ ಎಂಬ ಹೆಸರಿನ ಸೆನ್ಸರ್ ೧೩.೨ ಮಿಲಿಮೀಟರು ಉದ್ದ, ೮.೮ ಮಿಲಿಮೀಟರು ಅಗಲ. ಅಂದರೆ ಸುಮಾರು ೧೧೬ ಚದರ ಮಿಲಿಮೀಟರು. ಹೆಸರಿಗೆ ಒಂದಿಂಚಾದರೂ ಅದು ಯಾವ ಕಡೆಯಿಂದ ಅಳೆದರೂ ಒಂದಿಂಚಿಲ್ಲ. ಹಿಂದಿನ ಟೆಲಿವಿಷನ್ ಕ್ಯಾಮರಾಗಳ ಗಾಜಿನ ಕೊಳವೆಯ ಅಳತೆ ಹೆಸರಾಗಿ ಉಳಿದುಕೊಂಡಿದೆ, ಅಷ್ಟೇ. ಹೆಸರು ಹೇಗಾದರೂ ಇರಲಿ, ಎರಡನೆಯ ಫಲಕ ಮೊದಲನೆಯದರ ನಾಲ್ಕರಷ್ಟಿದೆ ಎಂಬುದು ನೆನಪಿರಲಿ.

ಎರಡನೆಯ ಅಂಕಿ ಮಸೂರದ ಬಾಯಿಯದು. ಮಸೂರದ ಸುತ್ತ ‘ಎಫ್ ೨’, ‘ಎಫ್ ೪’ ಎಂಬಂತಹ ಗುರುತುಗಳಿರುತ್ತವೆ. ಮಸೂರದ ನಾಭಿದೂರವನ್ನು ಬೆಳಕು ನುಗ್ಗುವ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು. ಭಾಗಿಸಿ ಬಂದ ಸಂಖ್ಯೆಯಾದುದರಿಂದ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಸಂಖ್ಯೆ ಅರ್ಧವಾದರೆ ವ್ಯಾಸ ಇಮ್ಮಡಿ. ವ್ಯಾಸ ಇಮ್ಮಡಿಯಾದರೆ ಬಾಯಿಯ ವಿಸ್ತಾರ ನಾಲ್ಕುಮಡಿ. ಆದುದರಿಂದ ‘ಎಫ್ ೨’ರ ಮಸೂರ ‘ಎಫ್ ೪’ರ ಮಸೂರಕ್ಕಿಂತ ನಾಲ್ಕರಷ್ಟು ಬೆಳಕನ್ನು ಬಿಡುತ್ತದೆ.

ಇದರ ಫಲವೇನು? ಅಲುಗಾಡದೆ ಕುಳಿತ ತಾತನ ಚಿತ್ರಕ್ಕೆ ಷಟರು ಸೆಕೆಂಡಿನ ೬೦ರಲ್ಲೊಂದು ಭಾಗದ ಹೊತ್ತು ತೆರೆದಿದ್ದರೂ ನಡೆಯುತ್ತದೆ. ಆಡುತ್ತಿರುವ ಮೊಮ್ಮಗಳ ಚಿತ್ರ ಕಲಸಿಹೋಗದಿರಬೇಕಾದರೆ ೨೫೦ರಲ್ಲೊಂದು ಭಾಗದಷ್ಟು ಚುರುಕಾಗಿ ಮುಚ್ಚಬೇಕು. ಅಂದರೆ ಬೆಳಕು ಬೀಳುವ ಹೊತ್ತು ಸರಿಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಬಾಯಿ ನಾಲ್ಕುಮಡಿ ದೊಡ್ಡದಾಗಿದ್ದರೆ ಲೆಕ್ಕ ಸರಿಹೋಗುತ್ತದೆ. ಅದೇ ನಡುಮನೆ, ಅದೇ ದೀಪ; ‘ಎಫ್ ೪’ರ ಕ್ಯಾಮರಾ ತಾತನನ್ನು ಮಾತ್ರ ಹಿಡಿದೀತು, ‘ಎಫ್ ೨’ರದು ತಾತನನ್ನೂ ಮೊಮ್ಮಗಳನ್ನೂ ಹಿಡಿದೀತು. ಕೈನಡುಕವನ್ನು ಸರಿಪಡಿಸುವ ಏರ್ಪಾಡು ಇದೆಯೆಂದು ಅಂಗಡಿಯವರು ಹೇಳಬಹುದು. ಅದು ಒಳ್ಳೆಯದೇ. ಆದರೆ ಅದು ನಿಲ್ಲಿಸುವುದು ನಿಮ್ಮ ಕೈಯ ನಡುಕವನ್ನು, ಮಗುವಿನ ಓಟವನ್ನಲ್ಲ.

ಈಗ ಮೆಗಾಪಿಕ್ಸೆಲ್ ಎಂಬ ಮೋಹಕ್ಕೆ ಬರೋಣ. ಸೆನ್ಸರ್ ಫಲಕದ ಮೇಲೆ ರಂಗೋಲಿಯ ಚುಕ್ಕಿಗಳಂತೆ ಸಾಲುಸಾಲಾಗಿ ಬೆಳಕಿನ ಚುಕ್ಕಿಗಳಿರುತ್ತವೆ. ಹತ್ತು ಲಕ್ಷ ಚುಕ್ಕಿಗೆ ಒಂದು ಮೆಗಾಪಿಕ್ಸೆಲ್. ೧೯೭೫ರಲ್ಲಿ ಕೊಡಾಕ್ ಸಂಸ್ಥೆಯ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು ನಿರ್ಮಿಸಿದ ಮೊದಲ ಡಿಜಿಟಲ್ ಕ್ಯಾಮರಾದಲ್ಲಿ ಇದ್ದದ್ದು ಹತ್ತು ಸಾವಿರ ಚುಕ್ಕಿಗಳು. ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆದುಕೊಳ್ಳಲು ೨೩ ಸೆಕೆಂಡು ಬೇಕಾಗುತ್ತಿತ್ತು. ಅಂದು ಚುಕ್ಕಿಗಳ ಕೊರತೆ ಇತ್ತು, ಇಂದು ಇಲ್ಲ. ನೀವೇ ಲೆಕ್ಕ ಹಾಕಿ. ಸೊಗಸಾದ ಮುದ್ರಣಕ್ಕೆ ಇಂಚಿಗೆ ೩೦೦ ಚುಕ್ಕಿ ಬೇಕು. ಆಲ್ಬಮ್ಮಿಗೆ ಹಾಕುವ ನಾಲ್ಕು-ಆರು ಇಂಚಿನ ಚಿತ್ರಕ್ಕೆ ೧,೨೦೦ ಗುಣಿಸು ೧,೮೦೦, ಅಂದರೆ ಇಪ್ಪತ್ತೊಂದು ಲಕ್ಷದ ಅರವತ್ತು ಸಾವಿರ ಚುಕ್ಕಿ. ಗೋಡೆಗೆ ತೂಗುಹಾಕುವ ಎಂಟು-ಹತ್ತು ಇಂಚಿನದಕ್ಕೆ ಎಪ್ಪತ್ತೆರಡು ಲಕ್ಷ. ಹನ್ನೆರಡು ಮೆಗಾಪಿಕ್ಸೆಲ್ ಇದ್ದರೆ ಮನೆಯ ಅಗತ್ಯವೆಲ್ಲ ತೀರಿ ಮಿಗುತ್ತದೆ. ಅದೇ ಸಣ್ಣ ಫಲಕದ ಮೇಲೆ ಇನ್ನಷ್ಟು ಚುಕ್ಕಿಗಳನ್ನು ತುರುಕಿದರೆ ಒಂದೊಂದರ ಪಾಲಿಗೆ ಬರುವ ಬೆಳಕು ಕಡಮೆಯಾಗುವುದೇ ಹೊರತು ಫಲಕ ಹಿಡಿಯುವ ಒಟ್ಟು ಬೆಳಕು ಹೆಚ್ಚುವುದಿಲ್ಲ.

ಝೂಮ್ ಎಂಬುದರಲ್ಲಿ ಎರಡು ಬಗೆ. ಮಸೂರಗಳೇ ಹಿಂದುಮುಂದೆ ಸರಿದು ದೂರದ್ದನ್ನು ಹತ್ತಿರ ತರುವುದು ಆಪ್ಟಿಕಲ್ ಝೂಮ್, ಇದು ನಿಜವಾದದ್ದು. ಡಿಜಿಟಲ್ ಝೂಮ್ ಎಂಬುದು ಚಿತ್ರದ ಅಂಚುಗಳನ್ನು ಕತ್ತರಿಸಿ ನಡುವಿನದನ್ನು ಹಿಗ್ಗಿಸುವ ಉಪಾಯ. ಅದನ್ನು ಮನೆಗೆ ಬಂದಮೇಲೆ ಕಂಪ್ಯೂಟರಿನಲ್ಲಿಯೂ ಮಾಡಬಹುದು. ನಿಜವಾದ ಝೂಮಿನಲ್ಲಿಯೂ ಒಂದು ಮಾತು ತಿಳಿದಿರಬೇಕು. ಮಸೂರ ಮುಂದೆ ಚಾಚಿದಂತೆಲ್ಲ ಅನೇಕ ಕ್ಯಾಮರಾಗಳಲ್ಲಿ ಎಫ್ ಸಂಖ್ಯೆ ಏರುತ್ತದೆ, ಬೆಳಕು ತಗ್ಗುತ್ತದೆ. ಸಂಸಾರದ ಚಿತ್ರಗಳಿಗೆ ಮೂರು ನಾಲ್ಕು ಪಟ್ಟು ಝೂಮ್ ಧಾರಾಳ. ಅದರ ಮುಖ್ಯ ಪ್ರಯೋಜನ ಮುಖಗಳಿಗೆ. ಒಂದೆರಡು ಅಡಿ ದೂರದಿಂದ ತೆಗೆದರೆ ಮೂಗು ದಪ್ಪಗೆ, ಕಿವಿ ಹಿಂದಕ್ಕೆ ಸರಿದಂತೆ ಕಾಣುತ್ತದೆ. ಐದಾರು ಅಡಿ ಹಿಂದೆ ನಿಂತು, ಝೂಮಿನಿಂದ ಮುಖವನ್ನು ಹತ್ತಿರ ತಂದುಕೊಂಡರೆ ಮನುಷ್ಯರು ಮನುಷ್ಯರಂತೆಯೇ ಕಾಣುತ್ತಾರೆ.

ಫ್ಲ್ಯಾಷ್ ದೀಪವನ್ನು ನಂಬಿ ಬೆಳಕಿನ ಚಿಂತೆ ಬಿಡಬಹುದೇ? ಬಿಡಲಾಗದು. ದೂರ ಇಮ್ಮಡಿಯಾದರೆ ಅದರ ಬೆಳಕು ಕಾಲುಭಾಗ, ಮುಮ್ಮಡಿಯಾದರೆ ಒಂಬತ್ತರಲ್ಲೊಂದು ಭಾಗ. ಮದುವೆಯ ಛತ್ರದಲ್ಲಿ ತೆಗೆದ ಚಿತ್ರಗಳಲ್ಲಿ ಮುಂದೆ ಕೂತವರು ಸುಣ್ಣ ಬಳಿದಂತೆಯೂ ಹಿಂದೆ ನಿಂತವರು ಮಸಿ ಬಳಿದಂತೆಯೂ ತೋರುವುದು ಇದರಿಂದಲೇ. ಎಲ್ಲರನ್ನೂ ಕ್ಯಾಮರಾಕ್ಕೆ ಸಮದೂರದಲ್ಲಿ, ಬಿಲ್ಲಿನಂತೆ ಬಾಗಿದ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ದೋಷ ತಗ್ಗುತ್ತದೆ. ಕಣ್ಣು ಕೆಂಪಾಗುವುದಕ್ಕೆ ಕಾರಣ, ದೀಪ ಮಸೂರಕ್ಕೆ ತೀರ ಹತ್ತಿರವಿದ್ದು, ಕಣ್ಣಿನೊಳಗಿನ ರಕ್ತನಾಳಗಳ ಕೆಂಪು ನೇರವಾಗಿ ಹಿಂದಿರುಗುವುದು. ಒಂದು ಷರತ್ತನ್ನಂತೂ ಮರೆಯಬೇಡಿ: ಫ್ಲ್ಯಾಷನ್ನು ಬೇಡವೆಂದಾಗ ಸುಲಭವಾಗಿ ಆರಿಸುವಂತಿರಬೇಕು. ದೀಪಾವಳಿಯ ಹಣತೆಯ ಮುಂದೆ ಕೂತ ಮಗುವಿನ ಮುಖದ ಹೊಂಬಣ್ಣವನ್ನು ಆ ಬಿಳಿಯ ಮಿಂಚು ಒಂದೇ ಏಟಿಗೆ ಅಳಿಸಿಬಿಡುತ್ತದೆ.

ಇನ್ನು ಫೋನಿನ ಮಾತು. ಅದು ಬಂದ ಮೇಲೆ ಪುಟ್ಟ ಕ್ಯಾಮರಾಗಳ ಕಾಲ ಮುಗಿಯಿತೆಂದು ಲೋಕವೇ ತೀರ್ಮಾನಿಸಿದಂತಿತ್ತು. ಜಪಾನಿನ ತಯಾರಕರ ಸಂಘದ ಲೆಕ್ಕದಂತೆ ೨೦೦೮ರಲ್ಲಿ ಹತ್ತು ಕೋಟಿಗೂ ಮೀರಿ ಹೊರಬಿದ್ದ ಈ ಬಗೆಯ ಕ್ಯಾಮರಾಗಳು ೨೦೨೩ರ ಹೊತ್ತಿಗೆ ಇಪ್ಪತ್ತು ಲಕ್ಷಕ್ಕೂ ಕೆಳಗಿಳಿದಿದ್ದವು. ಇದರಲ್ಲಿ ನ್ಯಾಯವೂ ಉಂಟು. ಒಳ್ಳೆಯ ಫೋನು ಒಂದರ ಹಿಂದೊಂದು ಹಲವು ಚಿತ್ರಗಳನ್ನು ಕ್ಷಣಾರ್ಧದಲ್ಲಿ ತೆಗೆದು, ಬೆರೆಸಿ, ಒಂದನ್ನಾಗಿ ಮಾಡಿ ಸಣ್ಣ ಫಲಕದ ಕೊರತೆಯನ್ನು ಮುಚ್ಚಿಕೊಳ್ಳುತ್ತದೆ. ಆದುದರಿಂದ ನೇರವಾಗಿ ಹೇಳುತ್ತೇನೆ: ಸಣ್ಣ ಸೆನ್ಸರಿನ ಅಗ್ಗದ ಕ್ಯಾಮರಾ ಕೊಳ್ಳುವುದಕ್ಕಿಂತ ಕೈಯಲ್ಲಿರುವ ಒಳ್ಳೆಯ ಫೋನೇ ಲೇಸು. ಕೊಳ್ಳುವುದಾದರೆ ಒಂದಿಂಚಿನ ಸೆನ್ಸರ್, ‘ಎಫ್ ೨’ರ ಆಸುಪಾಸಿನಲ್ಲಿ ತೊಡಗುವ ಮಸೂರ, ನಿಜವಾದ ಝೂಮ್, ಇವು ಇರುವುದನ್ನೇ ಕೊಳ್ಳಬೇಕು. ಅಷ್ಟು ಹಣ ಕೈಯಲ್ಲಿ ಇಲ್ಲದಿದ್ದರೆ ಹಾಸಿಗೆ ಇದ್ದಷ್ಟು ಕಾಲು ಚಾಚಿ, ಉಳಿದ ಹಣವನ್ನು ಚಿತ್ರಗಳ ಮುದ್ರಣಕ್ಕೆ ಇಡುವುದು ಜಾಣತನ.

ಹಾಗಾದರೆ ಬೇರೆ ಕ್ಯಾಮರಾ ಏಕೆ ಬೇಕು? ಬೆಳಕಿನ ಕಾರಣವಲ್ಲದೆ ಇನ್ನೊಂದು ಕಾರಣವಿದೆ. ಫೋನು ಒಬ್ಬರ ಸ್ವತ್ತು. ಅದಕ್ಕೆ ಬೀಗವುಂಟು, ಗುಟ್ಟುಂಟು. ಕ್ಯಾಮರಾ ಮನೆಯ ಸ್ವತ್ತು. ಮೇಜಿನ ಮೇಲಿದ್ದರೆ ಯಾರು ಬೇಕಾದರೂ ಎತ್ತಿಕೊಂಡು ಗುಂಡಿ ಒತ್ತಬಹುದು. ಅನೇಕ ಮನೆಗಳ ಆಲ್ಬಮ್ಮಿನಲ್ಲಿ ಒಬ್ಬರು ಸದಾ ಗೈರುಹಾಜರು: ಚಿತ್ರ ತೆಗೆಯುವವರು. ಬಡಿಸುತ್ತಿದ್ದ ಅಮ್ಮನೂ ಅಷ್ಟೇ. ಪಂಕ್ತಿಯ ಚಿತ್ರವಿದೆ, ಬಡಿಸಿದ ಕೈಯ ಚಿತ್ರವಿಲ್ಲ. ಹತ್ತು ವರ್ಷದ ಹುಡುಗಿಯೂ ಎಪ್ಪತ್ತು ವರ್ಷದ ಅಜ್ಜನೂ ಹೇಳಿಕೊಡದೆ ಬಳಸಬಲ್ಲ ಕ್ಯಾಮರಾ ಮನೆಯಲ್ಲಿದ್ದರೆ ಈ ಗೈರುಹಾಜರಿ ತಪ್ಪುತ್ತದೆ. ಗುಂಡಿಗಳು ಬೆರಳಿಗೆ ಸ್ಪಷ್ಟವಾಗಿ ತಿಳಿಯಬೇಕು. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣದಂತಾಗುವುದರಿಂದ ಕಣ್ಣಿಟ್ಟು ನೋಡುವ ಕಿಂಡಿಯೂ ಇದ್ದರೆ ವಯಸ್ಸಾದವರಿಗೆ ಅನುಕೂಲ. ಹತ್ತು ಸೆಕೆಂಡು ಕಾದು ತಾನೇ ಚಿತ್ರ ತೆಗೆಯುವ ಏರ್ಪಾಡಂತೂ ಇರಲೇಬೇಕು.

ರೇಡಿಯೋ ಕೊಳ್ಳುವಾಗ ನಾವು ಪೆಟ್ಟಿಗೆಯ ಬಣ್ಣ ನೋಡಿ ಸುಮ್ಮನಾಗುವುದಿಲ್ಲ. ದೂರದ ನಿಲಯವೊಂದನ್ನು ಹಿಡಿಸಿ ಕಿವಿಗೊಟ್ಟು ಕೇಳುತ್ತೇವೆ. ಕ್ಯಾಮರಾವನ್ನೂ ಹಾಗೆಯೇ ಪರೀಕ್ಷಿಸಬೇಕು. ಅಂಗಡಿಯ ಝಗಝಗಿಸುವ ದೀಪಗಳತ್ತ ತಿರುಗಿಸಬೇಡಿ. ಅತ್ಯಂತ ಕತ್ತಲೆಯ ಮೂಲೆಯಲ್ಲಿ ಜೊತೆಗೆ ಬಂದವರನ್ನು ನಿಲ್ಲಿಸಿ, ಕೈಬೀಸಲು ಹೇಳಿ, ಫ್ಲ್ಯಾಷಿಲ್ಲದೆ ಚಿತ್ರ ತೆಗೆಯಿರಿ. ಚಿತ್ರವನ್ನು ಹಿಗ್ಗಿಸಿ ಕಣ್ಣಿನ ರೆಪ್ಪೆಯನ್ನೂ ಬೀಸಿದ ಕೈಬೆರಳನ್ನೂ ನೋಡಿರಿ. ಸ್ವಿಚ್ಚು ಹಾಕಿದಂದಿನಿಂದ ಮೊದಲ ಚಿತ್ರ ಬೀಳುವವರೆಗೆ ಒಂದು, ಎರಡು ಎಂದು ಎಣಿಸಿ. ಮೂರು ದಾಟಿದರೆ ಮಗುವಿನ ನಗು ಕಾಯುವುದಿಲ್ಲ. ಗುಂಡಿಯನ್ನು ಅರ್ಧ ಒತ್ತಿಹಿಡಿದರೆ ಕ್ಯಾಮರಾ ದೂರವನ್ನು ಮೊದಲೇ ಹೊಂದಿಸಿಕೊಂಡು ಸಿದ್ಧವಾಗಿರುತ್ತದೆ. ಈ ಅಭ್ಯಾಸವನ್ನು ಅಂಗಡಿಯಲ್ಲಿಯೇ ಮಾಡಿ ನೋಡಿ.

ಬಳಸಿದ ಹಳೆಯ ಕ್ಯಾಮರಾ ಕೊಳ್ಳುವವರು ಮೂರು ಅಂಶಗಳನ್ನು ವಿಚಾರಿಸಬೇಕು. ಅದರ ಬ್ಯಾಟರಿ ಇಂದಿಗೂ ಹೊಸದು ದೊರೆಯುತ್ತದೆಯೇ? ಅದು ಕೇಳುವ ಕಾರ್ಡು ಇಂದಿಗೂ ಚಲಾವಣೆಯಲ್ಲಿದೆಯೇ? ಹಿಂದಿನ ಕೆಲವು ಬಗೆಯ ಕಾರ್ಡುಗಳ ತಯಾರಿಕೆ ನಿಂತುಹೋಗಿದೆ. ಮೂರನೆಯದಾಗಿ ಮಸೂರವನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಜೇಡರ ಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಬೇಡವೆನ್ನಿ. ಮಲೆನಾಡು, ಕರಾವಳಿಗಳ ಮಳೆಗಾಲದ ತೇವಕ್ಕೆ ಹೊಸ ಕ್ಯಾಮರಾಕ್ಕೂ ಈ ರೋಗ ತಗುಲುತ್ತದೆ. ಚರ್ಮದ ಚೀಲದಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡುವುದಕ್ಕಿಂತ, ಬಿಗಿಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಹರಳಿನ ಪೊಟ್ಟಣದೊಡನೆ ಇಡುವುದು ಕ್ಷೇಮ. ಅದಕ್ಕಿಂತಲೂ ಕ್ಷೇಮ, ಆಗಾಗ ಹೊರತೆಗೆದು ಬಳಸುವುದು.

ಗುಂಡಿ ಒತ್ತಿದ ಕೆಲವೇ ನಿಮಿಷಗಳಲ್ಲಿ ಚಿತ್ರವನ್ನು ಕೈಗೆ ಕೊಡುವ ಕ್ಯಾಮರಾಗಳೂ ಇವೆ. ಮಕ್ಕಳಿಗೆ ಅದೊಂದು ಹಬ್ಬ. ಆದರೆ ಒಂದೊಂದು ಒತ್ತಿಗೂ ಹಣ ತೆರಬೇಕು. ಚಿತ್ರವೂ ಚೀಟಿಯಷ್ಟು ಚಿಕ್ಕದು, ಬಹುಮಟ್ಟಿಗೆ ಪ್ರತಿ ಒಂದೇ. ಫಿಲ್ಮಿನ ಕ್ಯಾಮರಾಗಳ ಮೇಲೆ ತರುಣರಿಗೆ ಮತ್ತೆ ಒಲವು ಹುಟ್ಟಿದೆ. ೨೦೨೪ರಲ್ಲಿ ಪೆಂಟಾಕ್ಸ್ ಹೆಸರಿನಲ್ಲಿ ಹೊಸದೊಂದು ಫಿಲ್ಮ್ ಕ್ಯಾಮರಾವೇ ಹೊರಬಂದಿತು. ಹವ್ಯಾಸಕ್ಕೆ ಅದು ಸೊಗಸು. ದಿನನಿತ್ಯದ ಸಂಸಾರಕ್ಕೆ, ಫಿಲ್ಮು ತರಿಸಿ, ತೊಳೆಸಿ, ಕಾಯುವ ವ್ಯವಧಾನ ಉಳ್ಳವರು ಮಾತ್ರ ಅದಕ್ಕೆ ಕೈಹಾಕಲಿ.

ಕೊಂಡದ್ದಾಯಿತು, ತೆಗೆದದ್ದೂ ಆಯಿತು. ಅಷ್ಟರಿಂದಲೇ ಚಿತ್ರ ಉಳಿಯುವುದಿಲ್ಲ. ಕಾರ್ಡು ಕೆಡಬಹುದು, ಫೋನು ಕಳೆಯಬಹುದು. ಎರಡು ಬೇರೆ ಬೇರೆ ಜಾಗಗಳಲ್ಲಿ ಪ್ರತಿ ಇಡಿ. ಯುಗಾದಿಯಿಂದ ಯುಗಾದಿಗೆ ಹನ್ನೆರಡೇ ಚಿತ್ರಗಳನ್ನು ಆರಿಸಿ ಮುದ್ರಿಸಿ. ಹಿಂದಿನ ಪೆಟ್ಟಿಗೆ ಕ್ಯಾಮರಾದ ಒಂದು ಸುರುಳಿಯಲ್ಲಿ ಇದ್ದದ್ದೂ ಅಷ್ಟೇ. ಮುದ್ರಿಸಿದ ಚಿತ್ರದ ಹಿಂಬದಿಯಲ್ಲಿ ಮೆದುವಾದ ಪೆನ್ಸಿಲಿನಿಂದ ಯಾರು, ಎಲ್ಲಿ, ಯಾವ ವರ್ಷ ಎಂದು ಬರೆಯಿರಿ. ‘ಪಟ’ವೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥ ಬಟ್ಟೆ, ಬಟ್ಟೆಯ ಮೇಲೆ ಬರೆದ ಚಿತ್ರಕ್ಕೂ ಅದೇ ಹೆಸರಾಯಿತು. ಕೈಯಲ್ಲಿ ಹಿಡಿಯುವಂಥದ್ದು, ಗೋಡೆಗೆ ತೂಗುವಂಥದ್ದು ಪಟ. ಫೋನಿನೊಳಗಿನ ಸಾವಿರ ಚಿತ್ರಗಳಲ್ಲಿ ಒಂದಾದರೂ ಪಟವಾಗಲಿ.

ಮುಂದಿನ ಭಾನುವಾರ ಬೆಳಿಗ್ಗೆ, ಕ್ಯಾಮರಾ ಇರಲಿ, ಫೋನೇ ಇರಲಿ, ಮನೆಯ ಅತ್ಯಂತ ಹಿರಿಯರನ್ನು ಬಾಗಿಲ ಪಕ್ಕದಲ್ಲಿ, ಹೊರಗಿನ ಬೆಳಕು ಓರೆಯಾಗಿ ಮುಖಕ್ಕೆ ಬೀಳುವಂತೆ ಕುಳ್ಳಿರಿಸಿ. ಐದಾರು ಅಡಿ ಹಿಂದೆ ಸರಿಯಿರಿ. ಅವರಿಗೆ ಇಷ್ಟವಾದ ಯಾವುದಾದರೊಂದು ಹಳೆಯ ಸಂಗತಿ ಎತ್ತಿ ಮಾತಾಡಿಸಿ. ಮಾತಿನ ನಡುವೆ ಮುಖ ಅರಳಿದಾಗ ಗುಂಡಿ ಒತ್ತಿ. ಆಮೇಲೆ ಕ್ಯಾಮರಾವನ್ನು ಮಗುವಿನ ಕೈಗೆ ಕೊಟ್ಟು ನೀವೂ ಅವರ ಪಕ್ಕದಲ್ಲಿ ಹೋಗಿ ಕುಳಿತುಕೊಳ್ಳಿ.